ಬೇಟೆ ಶುರುವಾಗುವುದು ಕಾಲಿನಲ್ಲಲ್ಲ, ಕಣ್ಣಿನಲ್ಲಿ

ಡಿಸೆಂಬರ್ ಕೊನೆಗೆ ತೊಗರಿ ಕಟಾವು ಮುಗಿಯುತ್ತಿದ್ದಂತೆ ಕಲಬುರಗಿ ಸುತ್ತಲಿನ ಹೊಲಗಳು ಬಯಲಾಗುತ್ತವೆ. ಅಷ್ಟು ದಿನ ಆಳೆತ್ತರದ ಗಿಡಗಳ ಮರೆಯಲ್ಲಿದ್ದ ಮೊಲ, ನವಿಲು, ಅಲ್ಲಲ್ಲಿ ನಮ್ಮ ಕಡೆಯವರು ಚಿಗರಿ ಎನ್ನುವ ಕೃಷ್ಣಮೃಗ, ಎಲ್ಲವೂ ಒಮ್ಮೆಲೇ ಕಣ್ಣಿಗೆ ಬೀಳತೊಡಗುತ್ತವೆ. ಉಳಿದ ಕಾಲದಲ್ಲಿ ಪಕ್ಕದಲ್ಲೇ ಸುಮ್ಮನೆ ನಡೆಯುವ ನಮ್ಮ ಮುಧೋಳ ನಾಯಿ ಮಿಂಚು ಈ ದಿನಗಳಲ್ಲಿ ಕೂಗಿದರೂ ಕೇಳಿಸಿಕೊಳ್ಳುವುದಿಲ್ಲ. ಒಮ್ಮೆ ಕೂಳೆಯ ನಡುವಿನಿಂದ ಮೊಲವೊಂದು ಎದ್ದು ಓಡಿದಾಗ, ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ ನನ್ನ ತಪ್ಪಿನಿಂದ ಚರ್ಮ ಸುಲಿದು, ಹದಿನೈದು ದಿನ ರೊಟ್ಟಿ ಬಡಿಯಲು ಆಗಲಿಲ್ಲ.

ಹೊಟ್ಟೆ ತುಂಬ ಹಾಕಿದರೆ ನಾಯಿ ಬೆನ್ನಟ್ಟುವುದಿಲ್ಲ ಎಂದು ನೆರೆಯವರು ಹೇಳುವುದುಂಟು. ಆದರೆ ಬೇಟೆಗೆ ಹಸಿವು ಬೇಕೇ ಬೇಕೆಂದಿಲ್ಲ. ಆಗಷ್ಟೇ ಉಂಡ ನಾಯಿಯೂ ಅಳಿಲನ್ನು ಕಂಡರೆ ಓಡುತ್ತದೆ. ಬೇಟೆ ಸಿಟ್ಟೂ ಅಲ್ಲ. ಬೇರೊಂದು ನಾಯಿಯ ಮೇಲೆ ಹಲ್ಲು ಕಿರಿದು ಗುರುಗುಟ್ಟುವ ನಾಯಿಯ ಮಿದುಳಿನಲ್ಲಿ ಕೆಲಸ ಮಾಡುವ ಜಾಲ ಒಂದು, ಸದ್ದಿಲ್ಲದೆ ಮೊಲದ ಮೇಲೆ ಕಣ್ಣು ನೆಟ್ಟ ನಾಯಿಯ ಮಿದುಳಿನಲ್ಲಿ ಎಚ್ಚರಗೊಳ್ಳುವ ಜಾಲ ಇನ್ನೊಂದು. ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಎರಡನೆಯದನ್ನು ಹುಡುಕಾಟದ ವ್ಯವಸ್ಥೆಗೆ ಸೇರಿಸಿದರು. ಡೋಪಮೈನ್ ಎಂಬ ರಾಸಾಯನಿಕದ ನೆರವಿನಿಂದ ನಡೆಯುವ ಆ ವ್ಯವಸ್ಥೆಯಲ್ಲಿ ಸಿಕ್ಕುವುದಕ್ಕಿಂತ ಸಿಕ್ಕೀತು ಎಂಬ ನಿರೀಕ್ಷೆಯೇ ಹೆಚ್ಚು ಹುರುಪು ತರುತ್ತದೆ. ಆದ್ದರಿಂದಲೇ ಒಂದು ಮೊಲವನ್ನೂ ಹಿಡಿಯದ ನಾಯಿ ಸಹ ಬೆನ್ನಟ್ಟುವುದನ್ನು ಬಿಡುವುದಿಲ್ಲ. ಓಟವೇ ಅದಕ್ಕೆ ಕೂಲಿ.

ಬೇಟೆ ಒಂದೇ ಕ್ರಿಯೆಯಲ್ಲ, ಹಲವು ಕೊಂಡಿಗಳ ಸರಪಳಿ. ನಾಯಿಗಳ ನಡವಳಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ರೇಮಂಡ್ ಕಾಪಿಂಜರ್ ಅದನ್ನು ಹೀಗೆ ಬಿಡಿಸಿಟ್ಟರು: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ತೋಳದಲ್ಲಿ ಇವೆಲ್ಲ ಇವೆ. ಮನುಷ್ಯ ತನ್ನ ಕೆಲಸಕ್ಕೆ ತಕ್ಕಂತೆ ತಳಿಗಳನ್ನು ಆರಿಸುತ್ತ ಬಂದಾಗ ಕೆಲವು ಕೊಂಡಿಗಳು ಬಲಗೊಂಡವು, ಕೆಲವು ಸಡಿಲಗೊಂಡವು. ಕುರಿ ಅಟ್ಟುವ ಬಾರ್ಡರ್ ಕೋಲಿಯಲ್ಲಿ ದಿಟ್ಟಿಸಿ ಹೊಂಚುವ ಕೊಂಡಿ ಬಲವಾಗಿದ್ದು ಕಚ್ಚುವುದು ಕುಗ್ಗಿದೆ. ಹೊಡೆದ ಹಕ್ಕಿಯನ್ನು ತಂದುಕೊಡುವ ಲ್ಯಾಬ್ರಡಾರ್ ಮೆದುವಾಗಿ ಕಚ್ಚಿ ಅಲ್ಲಿಗೇ ನಿಲ್ಲುತ್ತದೆ. ಬಯಲಿನ ಬೇಟೆಗೆಂದೇ ಬೆಳೆದ ಮುಧೋಳದಲ್ಲಿ ನೋಟದಿಂದ ಓಟಕ್ಕೆ ಇರುವ ದಾರಿ ತೀರ ಚಿಕ್ಕದು. ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಈ ತಳಿಗಾಗಿಯೇ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸಾಕಲು ಆಸೆಪಡುವವರು ಅದರ ಚೆಲುವಿಗಿಂತ ಮೊದಲು ಆ ಚಿಕ್ಕ ದಾರಿಯನ್ನು ನೆನೆಯುವುದು ಒಳ್ಳೆಯದು.

ನಾಯಿಯ ಕಣ್ಣು ಬಣ್ಣಗಳಲ್ಲಿ ನೀಲಿ ಮತ್ತು ಹಳದಿಯನ್ನಷ್ಟೇ ಚೆನ್ನಾಗಿ ಬೇರ್ಪಡಿಸುತ್ತದೆ, ಆದರೆ ಚಲನೆಯನ್ನು ಹಿಡಿಯುವುದರಲ್ಲಿ ನಿಪುಣ. 1936ರ ಒಂದು ಪ್ರಯೋಗದಲ್ಲಿ ಪೊಲೀಸ್ ನಾಯಿಗಳ ಪೈಕಿ ಚುರುಕಾದವು ಅಲುಗುವ ವಸ್ತುವನ್ನು 800 ಮೀಟರಿಗೂ ಆಚೆ ಗುರುತಿಸಿದವು. ಅದೇ ವಸ್ತು ನಿಂತಲ್ಲೇ ನಿಂತಿದ್ದರೆ 600 ಮೀಟರಿನೊಳಗೆ ಬರಬೇಕಾಯಿತು. ಹೀಗಾಗಿ ನಮಗೆ ಏನೂ ಕಾಣುವ ಮೊದಲೇ ನಾಯಿಗೆ ಬಹಳಷ್ಟು ಕಂಡಿರುತ್ತದೆ. ನಾವು ಹೊಲವನ್ನು ನೋಡುವ ಬದಲು ನಾಯಿಯನ್ನು ನೋಡಬೇಕು: ಕಿವಿ ಮುಂದಕ್ಕೆ ಬಾಗುವುದು, ಬಾಯಿ ಮುಚ್ಚುವುದು, ಒಂದು ಕಾಲು ಗಾಳಿಯಲ್ಲೇ ನಿಲ್ಲುವುದು. ಸರಪಳಿಯನ್ನು ಅಲ್ಲಿ, ಮೊದಲ ಎರಡು ಕೊಂಡಿಗಳಲ್ಲಿ, ಹಿಡಿಯಬಹುದು. ಓಟ ಶುರುವಾದ ಮೇಲೆ ಹೆಸರು ಕೂಗಿದರೆ ಆ ಹೆಸರಿನ ಬೆಲೆಯೇ ಸವೆಯುತ್ತದೆ.

ನಾನು ರೂಢಿಸಿದ ಕ್ರಮ ಇಷ್ಟೇ. ದೂರದಲ್ಲಿ ಆಡು ಮೇಯುತ್ತಿರುವಾಗ, ನಾಯಿ ನೋಡಿಯೂ ನಿಂತೇ ಇರಬಲ್ಲಷ್ಟು ಅಂತರದಲ್ಲಿ ನಿಲ್ಲುವುದು. ಅದು ನಿಂತು ನೋಡಿದ ಕ್ಷಣಕ್ಕೇ ಮೆಚ್ಚುಗೆಯ ಮಾತು. ತಿರುಗಿ ನನ್ನತ್ತ ಕಣ್ಣು ಹಾಯಿಸಿದರೆ ಬೇಯಿಸಿದ ಕೋಳಿಯ ಚೂರು, ಅದೂ ಕೈಯಲ್ಲಿ ಕೊಡದೆ ಹುಲ್ಲಿನೊಳಗೆ ಎಸೆದು. ಮೂಸಿ ಹುಡುಕುವುದು, ಹಾರಿ ಹಿಡಿಯುವುದು ಅದೇ ಹುಡುಕಾಟದ ಹಸಿವನ್ನು ತಣಿಸುವುದರಿಂದ ಅಂಗೈಯ ತಿನಿಸಿಗಿಂತ ಇದು ಹೆಚ್ಚು ನಾಟುತ್ತದೆ. ನೋಡಬೇಡ ಎಂದು ಕುತ್ತಿಗೆ ಜಗ್ಗುವವರಿದ್ದಾರೆ. ಆ ನೋವನ್ನು ನಾಯಿ ಎದುರಿಗಿರುವ ಆಡಿನೊಂದಿಗೋ ಕುರಿಗಾಹಿಯೊಂದಿಗೋ ಜೋಡಿಸಿಕೊಂಡರೆ, ಇಲ್ಲದಿದ್ದ ಸಿಟ್ಟೊಂದು ಹುಟ್ಟಿಕೊಳ್ಳುತ್ತದೆ.

ಹಗ್ಗದ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. 24 ಕಿಲೋ ತೂಗುವ ನಾಯಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹಗ್ಗದ ತುದಿ ಮುಟ್ಟಿದರೆ ಅದರ ಚಲನಶಕ್ತಿ ಸುಮಾರು 770 ಜೂಲ್. 50 ಕಿಲೋದ ಸಿಮೆಂಟ್ ಚೀಲ ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿಯ ಕಡೆಯವರಿಗೆ ಆ ಚೀಲದ ಭಾರವನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟೂ ಪೆಟ್ಟು ಕುತ್ತಿಗೆಯ ಪಟ್ಟಿಯ ಮೇಲೆ ಬಿದ್ದರೆ ಶ್ವಾಸನಾಳಕ್ಕೂ ಬೆನ್ನುಮೂಳೆಗೂ ಅಪಾಯ. ಉದ್ದ ಹಗ್ಗವನ್ನು ಎದೆಗೆ ತೊಡಿಸುವ ಹಾರ್ನೆಸ್‌ಗೇ ಕಟ್ಟಬೇಕು, ಕೈಗೆ ಎಂದೂ ಸುತ್ತಿಕೊಳ್ಳಬಾರದು.

ಹಗ್ಗ ಬಿಚ್ಚಿ ಬಿಡುವವರು ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಅದರೊಳಗೆ ಬರುತ್ತದೆ. ಕೃಷ್ಣಮೃಗ ಅದರ ಮೊದಲನೆಯ ಅನುಸೂಚಿಯಲ್ಲಿದೆ.

ಮನೆಯೊಳಗಿನ ಮಾತು ಬೇರೆ. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಬಟ್ಟೆ ಕಟ್ಟಿ ಅಂಗಳದಲ್ಲಿ ಐದು ನಿಮಿಷ ಓಡಿಸಿ, ಕೊನೆಗೆ ಹಿಡಿಯಲೂ ಹರಿಯಲೂ ಬಿಟ್ಟರೆ ಸರಪಳಿ ಯಾರ ಜೀವಕ್ಕೂ ಎರವಾಗದೆ ಪೂರ್ತಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಇದನ್ನು ಸೂರ್ಯ ಹುಟ್ಟುವ ಮೊದಲೇ ಮುಗಿಸಬೇಕು. ಮನೆಯ ಬೆಕ್ಕಿನೊಂದಿಗೆ ಕೂಡಿ ಮಲಗುವ ನಾಯಿ ಓಡುವ ಬೆಕ್ಕನ್ನು ಬಿಟ್ಟೀತೆಂಬ ಖಾತ್ರಿಯಿಲ್ಲ, ಏಕೆಂದರೆ ಕೊಂಡಿಯನ್ನು ಎಳೆಯುವುದು ಬೆಕ್ಕಲ್ಲ, ಅದರ ಓಟ. ಕೋಳಿಗಳಿದ್ದರೆ ನಡುವೆ ಗಟ್ಟಿ ಜಾಲರಿ, ನಾವು ಮನೆಯಲ್ಲಿಲ್ಲದಾಗ ಬೇರೆ ಬೇರೆ ಕೋಣೆ. ರಾಶಿ ಮಾಡುವಾಗ ಎತ್ತಿಗೆ ಬಾಯಿಕುಕ್ಕೆ ಕಟ್ಟುವುದನ್ನು ಕಂಡ ನಮಗೆ ನಾಯಿಗೂ ಜಾಳಿಗೆಯ ಬಾಯಿಕುಕ್ಕೆ ತೊಡಿಸುವುದು ಕ್ರೌರ್ಯವೆನಿಸಬೇಕಿಲ್ಲ. ತೇಕಲು, ನೀರು ಕುಡಿಯಲು ಜಾಗವಿದ್ದರಾಯಿತು.

ಈ ಸಲದ ಕಟಾವಿನಲ್ಲಿ ಮಿಂಚು ಮೊಲ ಕಂಡ ನಾಲ್ಕು ಸಲದಲ್ಲಿ ಮೂರು ಸಲ ನಿಂತು, ತಿರುಗಿ ನನ್ನನ್ನು ನೋಡಿತು. ಚಿಗರಿಯ ಹಿಂಡು ನೆಗೆದಾಗ ಮಾತ್ರ ನಾನು ಅದಕ್ಕೆ ನೆನಪಾಗಲಿಲ್ಲ. ಹಗ್ಗ ಇನ್ನೂ ಕಟ್ಟಿಯೇ ಇದೆ.