ಕೊನೆ ದಿನ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದೆ, ಆದರೂ ಲೇಟ್ ಫೀ ಬಂತು. ಯಾಕೆ?

ಓದುಗರ ಪ್ರಶ್ನೆ: "ಕ್ರೆಡಿಟ್ ಕಾರ್ಡ್ ಬಿಲ್‌ನ ಕೊನೆ ದಿನಾಂಕ 10 ಇತ್ತು. ಅವತ್ತೇ ರಾತ್ರಿ ಮೊಬೈಲ್ ಆ್ಯಪ್‌ನಲ್ಲಿ ಪೂರ್ತಿ ಮೊತ್ತ ಕಟ್ಟಿದೆ. ಖಾತೆಯಿಂದ ದುಡ್ಡು ಆಗಲೇ ಹೋಯಿತು, ಆದರೆ ಕಾರ್ಡ್‌ಗೆ ಜಮಾ ಆಗಿದ್ದು 12ಕ್ಕೆ. ಮುಂದಿನ ಬಿಲ್‌ನಲ್ಲಿ ಲೇಟ್ ಫೀ, ಬಡ್ಡಿ ಎರಡೂ ಹಾಕಿದ್ದಾರೆ. ಇದು ಸರೀನಾ? ಹೇಗೆ ಕಟ್ಟಿದರೆ ಈ ತಾಪತ್ರಯ ಇರುವುದಿಲ್ಲ?"

ಲೇಟ್ ಫೀ ಹಾಕಿದ್ದು ಸರಿಯಲ್ಲ. ಧೈರ್ಯವಾಗಿ ವಾಪಸ್ ಕೇಳಿ. ಬಡ್ಡಿಯ ಕಥೆ ಸ್ವಲ್ಪ ಬೇರೆ, ಅದನ್ನು ಆಮೇಲೆ ನೋಡೋಣ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್‌ಗಳಿಗೆ ಒಂದು ದೊಡ್ಡ ನಿರ್ದೇಶನ ಹೊರಡಿಸಿತು. ಅದರಲ್ಲಿ ಗ್ರಾಹಕರಿಗೆ ತುಂಬಾ ಉಪಯೋಗಕ್ಕೆ ಬರುವ ಒಂದು ಮಾತಿದೆ. ಡ್ಯೂ ಡೇಟ್ ಕಳೆದು ಮೂರು ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಮಾತ್ರ ಬ್ಯಾಂಕ್ ಲೇಟ್ ಫೀ ಹಾಕಬಹುದು. ಸಿಬಿಲ್‌ನಂಥ ಕ್ರೆಡಿಟ್ ಬ್ಯೂರೋಗಳಿಗೆ (ಯಾರು ಸಾಲ ಹೇಗೆ ತೀರಿಸುತ್ತಾರೆ ಎಂಬ ದಾಖಲೆ ಇಡುವ ಸಂಸ್ಥೆಗಳಿಗೆ) "ಇವರು ತಡ ಮಾಡಿದ್ದಾರೆ" ಎಂದು ತಿಳಿಸುವುದಕ್ಕೂ ಇದೇ ಲೆಕ್ಕ. ನಿಮ್ಮ ಡ್ಯೂ ಡೇಟ್ 10, ದುಡ್ಡು ಸೇರಿದ್ದು 12. ಮೂರು ದಿನ ದಾಟೇ ಇಲ್ಲ. ಹಾಗಾಗಿ ಲೇಟ್ ಫೀ ಹಾಕುವಂತಿಲ್ಲ. ಅದರ ಮೇಲೆ ಹಾಕಿದ 18% ಜಿಎಸ್‌ಟಿಯೂ ಅದರ ಜೊತೆಗೇ ಹೋಗಬೇಕು.

ಆದರೆ ಈ ಮೂರು ದಿನವನ್ನು ರಜೆ ಎಂದುಕೊಳ್ಳಬೇಡಿ. ನಾಲ್ಕನೇ ದಿನಕ್ಕೂ ಕಟ್ಟದಿದ್ದರೆ ತಡವಾದ ದಿನಗಳನ್ನು ಎಣಿಸುವುದು ಡ್ಯೂ ಡೇಟ್‌ನಿಂದಲೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೇಟ್ ಫೀ ಲೆಕ್ಕ ಹಾಕಬೇಕಾದ್ದು ಬಾಕಿ ಉಳಿದ ಮೊತ್ತದ ಮೇಲೆ, ಇಡೀ ಬಿಲ್‌ನ ಮೇಲೆ ಅಲ್ಲ. ನಿಮ್ಮ ಕಾರ್ಡ್‌ನ ಶುಲ್ಕದ ಪಟ್ಟಿ ತೆಗೆದು ತಾಳೆ ಹಾಕಿ ನೋಡಿ.

ಈಗ ಬಡ್ಡಿ. ಮೂರು ದಿನದ ರಿಯಾಯಿತಿ ಇರುವುದು ದಂಡದಂಥ ಶುಲ್ಕಗಳಿಗೆ ಮತ್ತು ಬ್ಯೂರೋ ವರದಿಗೆ. ಬಡ್ಡಿ ನಿಮ್ಮ ಕಾರ್ಡ್‌ನ ಷರತ್ತಿನ ಪ್ರಕಾರ ನಡೆಯುತ್ತದೆ. ಡ್ಯೂ ಡೇಟ್ ಒಳಗೆ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲದ ಅವಧಿ ಸಿಗುತ್ತದೆ ಎಂಬುದೇ ಕ್ರೆಡಿಟ್ ಕಾರ್ಡ್‌ನ ಮೂಲ ಒಪ್ಪಂದ. ಆದರೂ ಕೇಳಿ ನೋಡಿ. ದುಡ್ಡು ನಿಮ್ಮ ಖಾತೆಯಿಂದ 10ಕ್ಕೇ ಹೋಗಿದೆ, ನಡುವೆ ಎರಡು ದಿನ ನಿಂತಿದ್ದು ನಿಮ್ಮಿಂದ ಅಲ್ಲ. ಸಮಯಕ್ಕೆ ಸರಿಯಾಗಿ ಕಟ್ಟುವ ಗ್ರಾಹಕರು ದಾಖಲೆ ಇಟ್ಟುಕೊಂಡು ಕೇಳಿದರೆ ಬ್ಯಾಂಕ್‌ಗಳು ಬಡ್ಡಿಯನ್ನೂ ವಾಪಸ್ ಮಾಡುವುದುಂಟು.

ದಾಖಲೆ ಅಂದರೆ "ಪೇಮೆಂಟ್ ಸಕ್ಸಸ್‌ಫುಲ್" ಎಂಬ ಹಸಿರು ಟಿಕ್‌ನ ಸ್ಕ್ರೀನ್‌ಶಾಟ್ ಅಷ್ಟೇ ಸಾಲದು. ಅದೇ ಪರದೆಯಲ್ಲಿ ಸ್ವಲ್ಪ ಕೆಳಗೆ ಹೋಗಿ. ಯುಪಿಐ ಆದರೆ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ, ಎನ್‌ಇಎಫ್‌ಟಿ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ವ್ಯವಸ್ಥೆ) ಆದರೆ ಯುಟಿಆರ್ ಎಂಬ ವಹಿವಾಟಿನ ನಂಬರ್. ಬಿಲ್ ಪಾವತಿಗೆಂದೇ ಇರುವ ಭಾರತ್ ಬಿಲ್‌ಪೇ ವ್ಯವಸ್ಥೆಯ ಮೂಲಕ ಹೋಗಿದ್ದರೆ ಅದರದ್ದೇ ವಹಿವಾಟಿನ ಐಡಿ ಬೇರೆ ಇರುತ್ತದೆ. ಕಸ್ಟಮರ್ ಕೇರ್‌ನವರು ಮೊದಲು ಕೇಳುವುದೇ ಇದನ್ನು. ಕಟ್ಟಿದ ದಿನ, ಹೊತ್ತು, ಮೊತ್ತ ಮತ್ತು ಈ ನಂಬರ್, ಇಷ್ಟು ಒಂದೇ ಚಿತ್ರದಲ್ಲಿ ಬರುವಂತೆ ತೆಗೆದಿಟ್ಟುಕೊಳ್ಳಿ.

ಫೋನ್‌ನಲ್ಲಿ ಮಾತಾಡಿದರೂ ದೂರನ್ನು ಇಮೇಲ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಬರೆದೇ ಕೊಡಿ, ದೂರಿನ ನಂಬರ್ ತೆಗೆದುಕೊಳ್ಳಿ. "ಮಾಡಿಕೊಡ್ತೀವಿ ಸರ್" ಅನ್ನುವ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ, ಅಲ್ವಾ? 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲೇ ಆಗುತ್ತದೆ, ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿಗೆ ಮೊದಲು ಬರೆದಿದ್ದೀರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಬರೆದು ಕೊಡಿ ಎಂದು ಒತ್ತಿ ಹೇಳಿದ್ದು ಅದಕ್ಕೇ.

ಖಾತೆಯಿಂದ ದುಡ್ಡು ಆ ಕ್ಷಣವೇ ಹೋಗಿದ್ದರೂ ಕಾರ್ಡ್‌ಗೆ ಸೇರಲು ಎರಡು ದಿನ ಯಾಕಾಯಿತು? ನೀವು ಬಟನ್ ಒತ್ತಿದ್ದು ಒಂದೇ ಸಲ. ಹಿಂದೆ ನಡೆಯುವ ಕೆಲಸ ಮೂರು. ನಿಮ್ಮ ಬ್ಯಾಂಕ್ ದುಡ್ಡು ಕಡಿತ ಮಾಡುತ್ತದೆ. ನಡುವಿನ ವ್ಯವಸ್ಥೆ ಅದನ್ನು ಕಾರ್ಡ್ ಕೊಟ್ಟ ಬ್ಯಾಂಕಿಗೆ ಮುಟ್ಟಿಸುತ್ತದೆ. ಆ ಬ್ಯಾಂಕ್ ಅದನ್ನು ನಿಮ್ಮ ಕಾರ್ಡ್‌ನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಆ್ಯಪ್ ತೋರಿಸಿದ ಹಸಿರು ಟಿಕ್ ಮೊದಲ ಕೆಲಸ ಮುಗಿದಿದ್ದಕ್ಕೆ. ಮೂರನೆಯದು ಯಾವಾಗ ಮುಗಿಯುತ್ತದೆ ಎಂಬುದು ನೀವು ಹಿಡಿದ ದಾರಿಯ ಮೇಲೆ ನಿಂತಿದೆ.

ಕಾರ್ಡ್ ಮತ್ತು ಉಳಿತಾಯ ಖಾತೆ ಒಂದೇ ಬ್ಯಾಂಕಿನದ್ದಾದರೆ ನೆಟ್ ಬ್ಯಾಂಕಿಂಗ್‌ನಲ್ಲೋ ಆ ಬ್ಯಾಂಕಿನ ಆ್ಯಪ್‌ನಲ್ಲೋ ಕಟ್ಟುವುದೇ ಎಲ್ಲಕ್ಕಿಂತ ಸಲೀಸು. ದುಡ್ಡು ಮನೆಯೊಳಗೇ ಕೋಣೆ ಬದಲಾಯಿಸಿದ ಹಾಗೆ. ಕಡೇ ಗಳಿಗೆಯಲ್ಲಿ ಕಟ್ಟಲೇಬೇಕಾದರೆ ನನ್ನ ಆಯ್ಕೆ ಇದೇ.

ಬೇರೆ ಬ್ಯಾಂಕಿನ ಖಾತೆಯಿಂದ ಆದರೆ ಜನ ಸಾಮಾನ್ಯವಾಗಿ ಫೋನ್‌ಪೇ, ಗೂಗಲ್ ಪೇ, ಕ್ರೆಡ್ ಥರದ ಆ್ಯಪ್ ಬಳಸುತ್ತಾರೆ. ಇಂಥ ಆ್ಯಪ್‌ಗಳಲ್ಲಿ ಕಾರ್ಡ್ ಬಿಲ್ ಕಟ್ಟುವುದು ಭಾರತ್ ಬಿಲ್‌ಪೇ ವ್ಯವಸ್ಥೆಯ ಮೂಲಕವೇ ಆಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತು, 2024ರ ಜೂನ್ 30 ಅದಕ್ಕೆ ಗಡುವಾಗಿತ್ತು. ಇಲ್ಲಿ ಸಾಮಾನ್ಯವಾಗಿ ಕಾರ್ಡ್‌ನ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನಲ್ಲಿ ಕೊಟ್ಟಿರುವ ಮೊಬೈಲ್ ನಂಬರ್ ಹಾಕಿದರೆ ಬಿಲ್ ತಾನಾಗಿ ಬರುತ್ತದೆ. ಬಿಲ್ ತಾನಾಗಿ ಬಂತು ಅಂದರೆ ನಂಬರ್ ತಪ್ಪುವ ಭಯ ಕಡಿಮೆ. ಹೆಚ್ಚಿನ ಸಲ ಬೇಗ ಜಮಾ ಆಗುತ್ತದೆ, ಆದರೆ ಎರಡು ಮೂರು ದಿನ ಹಿಡಿಯುವುದೂ ಇದೆ. ಕೆಲವು ಆ್ಯಪ್‌ಗಳು "ಇಷ್ಟು ಹೊತ್ತಿನಲ್ಲಿ ಜಮಾ ಆಗುತ್ತದೆ" ಎಂದು ಪಾವತಿಗೆ ಮುಂಚೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಅದನ್ನು ಓದಿ.

ಎನ್‌ಇಎಫ್‌ಟಿ ಹಳೆಯ ದಾರಿ, ಆದರೆ ಗಟ್ಟಿ ದಾರಿ. 2019ರ ಡಿಸೆಂಬರ್ 16ರಿಂದ ಇದು ದಿನದ 24 ಗಂಟೆ, ಭಾನುವಾರವೂ ನಡೆಯುತ್ತದೆ. ಅರ್ಧ ಗಂಟೆಗೊಂದು ಕಂತಿನಂತೆ ದುಡ್ಡು ಹೋಗುತ್ತದೆ. ಕಾರ್ಡ್ ನಂಬರ್ ಅನ್ನೇ ಖಾತೆ ಸಂಖ್ಯೆಯ ಜಾಗದಲ್ಲಿ ಹಾಕಬೇಕು, ಕಾರ್ಡ್ ಪಾವತಿಗೆಂದೇ ಬ್ಯಾಂಕ್ ಕೊಟ್ಟಿರುವ ಐಎಫ್‌ಎಸ್‌ಸಿ ಕೋಡ್ ಹಾಕಬೇಕು. ಇಲ್ಲಿ ಒಂದು ಗುಂಡಿ ಇದೆ. ದುಡ್ಡು ಜಮಾ ಆಗುವುದು ನಂಬರ್ ನೋಡಿ, ನೀವು ಬರೆದ ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿದರೆ ವಾಪಸ್ ತರುವುದು ದೊಡ್ಡ ರಗಳೆ. ಕಾರ್ಡ್ ಕಳೆದುಹೋಗಿ ಹೊಸದು ಬಂದಿದ್ದರೆ ನಂಬರ್ ಬದಲಾಗಿರುತ್ತದೆ, ಆದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಸೇವ್ ಆಗಿರುವುದು ಹಳೆಯದೇ. ಅದನ್ನು ಅಳಿಸಿ ಹೊಸದಾಗಿ ಸೇರಿಸಿ. ಮೊದಲ ಸಲ ಸಣ್ಣ ಮೊತ್ತ ಹಾಕಿ ನೋಡಿದರೆ ಇನ್ನೂ ಒಳ್ಳೆಯದು.

ಇನ್ನು ಆಟೋ ಪೇ. ಮರೆವಿನವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕಾರ್ಡ್ ಬಿಲ್‌ಗೆ ಒಟಿಪಿ ಇಲ್ಲದೆ ತಾನಾಗಿ ಕಡಿತವಾಗುವ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ ₹15,000ದಿಂದ ₹1 ಲಕ್ಷಕ್ಕೆ ಏರಿಸಿದ್ದಾರೆ. ಆದರೆ ಆಟೋ ಪೇ ಹಾಕುವಾಗ ಒಂದು ಪರದೆಯಲ್ಲಿ ಎರಡು ಆಯ್ಕೆ ಬರುತ್ತವೆ: ಟೋಟಲ್ ಡ್ಯೂ (ಬಿಲ್‌ನ ಪೂರ್ತಿ ಮೊತ್ತ), ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ). ಅವಸರದಲ್ಲಿ ಎರಡನೆಯದನ್ನು ಒತ್ತಿ, ತಿಂಗಳುಗಟ್ಟಲೆ "ನನ್ನ ಬಿಲ್ ತಾನಾಗೇ ಕಟ್ಟಿಹೋಗುತ್ತೆ" ಎಂದು ನಿಶ್ಚಿಂತೆಯಾಗಿರುವವರು ಇದ್ದಾರೆ. ನೀವು ಎಂದೋ ಹಾಕಿದ ಆಟೋ ಪೇ ಇದ್ದರೆ ಇವತ್ತೇ ಒಮ್ಮೆ ತೆರೆದು ನೋಡಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಮಿನಿಮಮ್ ಡ್ಯೂ ಕಟ್ಟಿದರೆ ತಪ್ಪುವುದು ಲೇಟ್ ಫೀ ಒಂದೇ. ಬಡ್ಡಿ ತಪ್ಪುವುದಿಲ್ಲ. ಲೆಕ್ಕ ನೋಡಿ. ₹20,000 ಬಿಲ್, ಮಿನಿಮಮ್ ₹1,000, ಬಡ್ಡಿ ತಿಂಗಳಿಗೆ 3.5% ಎಂದಿಟ್ಟುಕೊಳ್ಳಿ. ಕೇಳಲು ಚಿಕ್ಕ ಸಂಖ್ಯೆ, ವರ್ಷಕ್ಕೆ 42% ಆಯಿತು. ಸಾವಿರ ಕಟ್ಟಿದ ಮೇಲೆ ಉಳಿದ ₹19,000ಕ್ಕೆ ಒಂದು ತಿಂಗಳ ಬಡ್ಡಿ ₹665. ಅದಕ್ಕೆ ಜಿಎಸ್‌ಟಿ ಸುಮಾರು ₹120. ಅಲ್ಲಿಗೆ ₹785. ಕಟ್ಟಿದ ಸಾವಿರದಲ್ಲಿ ಸಾಲ ನಿಜಕ್ಕೂ ಇಳಿದಿದ್ದು ₹215 ಮಾತ್ರ. ಇದು ಸುಮ್ನೆ ಒಂದು ಅಂದಾಜು. ಬ್ಯಾಂಕ್‌ಗಳು ಬಡ್ಡಿಯನ್ನು ಖರೀದಿ ಮಾಡಿದ ದಿನದಿಂದ ಎಣಿಸುವುದರಿಂದ ನಿಜವಾದ ಮೊತ್ತ ಇನ್ನೂ ಜಾಸ್ತಿಯೇ ಇರುತ್ತದೆ. ಅದೂ ಅಲ್ಲದೆ ಹಳೆ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಅವತ್ತು ತಂದ ಸಾಮಾನಿಗೆ ಅವತ್ತಿನಿಂದಲೇ ಬಡ್ಡಿ.

ಬಿಲ್ ಕಟ್ಟುವ ಪರದೆಯಲ್ಲಿ ಕೆಲವು ಸಲ ಮೂರನೇ ಸಂಖ್ಯೆಯೂ ಕಾಣುತ್ತದೆ, ಕರೆಂಟ್ ಔಟ್‌ಸ್ಟ್ಯಾಂಡಿಂಗ್ ಎಂದು. ಅದು ಬಿಲ್ ಆದ ಮೇಲೆ ಮಾಡಿದ ಖರ್ಚನ್ನೂ ಸೇರಿಸಿದ ಮೊತ್ತ. ಅಷ್ಟನ್ನೂ ಕಟ್ಟಿದರೆ ನಷ್ಟವೇನಿಲ್ಲ, ಆದರೆ ಕಟ್ಟಲೇಬೇಕು ಎಂದೇನೂ ಇಲ್ಲ. ಬಡ್ಡಿ ತಪ್ಪಿಸಲು ಸ್ಟೇಟ್‌ಮೆಂಟ್‌ನಲ್ಲಿರುವ ಟೋಟಲ್ ಅಮೌಂಟ್ ಡ್ಯೂ ಕಟ್ಟಿದರೆ ಸಾಕು.

ಹೀಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಬೇರೆ ಆ್ಯಪ್‌ನಿಂದ ಕಟ್ಟುವುದಾದರೆ ಡ್ಯೂ ಡೇಟ್‌ಗೆ ಮೂರ್ನಾಲ್ಕು ದಿನ ಮುಂಚೆ ಕಟ್ಟಿ, ಮರುದಿನ ಕಾರ್ಡ್‌ನ ಆ್ಯಪ್ ತೆರೆದು ಜಮಾ ಆಗಿದೆಯಾ ನೋಡಿ. ಸಂಬಳ ಬರುವುದೇ ಡ್ಯೂ ಡೇಟ್ ಆದಮೇಲೆ ಅನ್ನುವವರು ಬಿಲ್ಲಿಂಗ್ ಸೈಕಲ್, ಅಂದರೆ ಬಿಲ್ ಆಗುವ ತಿಂಗಳ ಅವಧಿ, ಬದಲಿಸಿಕೊಳ್ಳಬಹುದು. ಕನಿಷ್ಠ ಒಂದು ಸಲ ಬದಲಿಸುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು ಎಂಬ ನಿಯಮ ಇದೆ. ಇದನ್ನು ಬ್ಯಾಂಕ್‌ನವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.

ಖಾತೆಯಿಂದ ದುಡ್ಡು ಹೋಗಿ, ಕಾರ್ಡ್‌ಗೂ ಸೇರದೆ ನಡುವೆ ಸಿಕ್ಕಿಹಾಕಿಕೊಂಡರೆ ಗಾಬರಿಯಲ್ಲಿ ತಕ್ಷಣ ಎರಡನೇ ಸಲ ಕಟ್ಟಲು ಹೋಗಬೇಡಿ. "ಪೆಂಡಿಂಗ್" ಎಂದು ತೋರಿಸುತ್ತಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ಯುಪಿಐನಲ್ಲಿ ವ್ಯಾಪಾರಿಗೆ ಮಾಡಿದ ಪಾವತಿ ತಲುಪದಿದ್ದರೆ ಐದು ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು, ಅದನ್ನು ಮೀರಿದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಡ್ಯೂ ಡೇಟ್ ಅವತ್ತೇ ಇದ್ದರೆ ಮಾತ್ರ ಕೈಯಲ್ಲಿ ದುಡ್ಡಿದ್ದರೆ ಬೇರೆ ದಾರಿಯಲ್ಲಿ ಇನ್ನೊಮ್ಮೆ ಕಟ್ಟಿಬಿಡುವುದು ಮೇಲು. ಎರಡೂ ಸೇರಿದರೆ ಹೆಚ್ಚಾದ ದುಡ್ಡು ಕಾರ್ಡ್‌ನಲ್ಲಿ ಜಮೆಯಾಗಿ ಉಳಿಯುತ್ತದೆ. ಮುಂದಿನ ಬಿಲ್‌ಗೆ ಅದು ವಜಾ ಆಗುತ್ತದೆ, ಬೇಕಿದ್ದರೆ ಖಾತೆಗೆ ವಾಪಸ್ ಕೇಳಬಹುದು.

ಇಂಥ ಹೊತ್ತಿನಲ್ಲೇ ಜನ ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ವಂಚಕರು ಕಾಯುವುದೂ ಅಲ್ಲೇ. ನಂಬರ್ ಬೇಕಿದ್ದರೆ ಕಾರ್ಡ್‌ನ ಹಿಂಭಾಗ ತಿರುಗಿಸಿ ನೋಡಿ. ಕ್ರೆಡಿಟ್ ಕಾರ್ಡ್‌ಗೆ ದುಡ್ಡು ಕಟ್ಟುವುದಕ್ಕೆ ಆ ಕಾರ್ಡ್‌ನ ಸಿವಿವಿಯಾಗಲಿ (ಕಾರ್ಡ್ ಮೇಲಿರುವ ಗುಟ್ಟಿನ ಸಂಖ್ಯೆ) ಪಿನ್ ಆಗಲಿ ಬೇಕಾಗುವುದೇ ಇಲ್ಲ. "ಬಿಲ್ ಬಾಕಿ ಇದೆ, ಈ ಲಿಂಕ್‌ನಲ್ಲಿ ಕಟ್ಟಿ" ಎಂದು ಮೆಸೇಜ್ ಬಂದು, ಆ ಪುಟ ಸಿವಿವಿ ಕೇಳಿದರೆ ಅಲ್ಲಿಗೇ ಮುಚ್ಚಿಬಿಡಿ. ಅಕಸ್ಮಾತ್ ಕೊಟ್ಟು ದುಡ್ಡು ಹೋಗಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.