ತೊಗರಿ ನಾಡಿನಲ್ಲಿ ಪ್ರೊಟೀನ್ ಡಬ್ಬಿ: ತಗೊಳ್ಳೋದಾ, ಬ್ಯಾಡಾ?

ಪ್ರಶ್ನೆ: ನಂಗ 27 ವರ್ಷ, ತೂಕ 60 ಕಿಲೋ. ಕಲಬುರಗಿಯಾಗ ಒಂದು ಖಾಸಗಿ ಆಫೀಸಿನಾಗ ಕೆಲಸ. ಆರು ತಿಂಗಳಿಂದ ವಾರಕ್ಕ ನಾಕು ದಿನ ಜಿಮ್ಮಿಗೆ ಹೋಗ್ಲಿಕತ್ತೀನಿ. ‘ಪ್ರೊಟೀನ್ ಪೌಡರ್ ಇಲ್ದ ಬಾಡಿ ಬರಂಗಿಲ್ಲ’ ಅಂತ ಟ್ರೇನರ್ ಹೇಳ್ತಾರ. ನಮ್ಮ ಮನ್ಯಾಗ ಮೊಟ್ಟಿ, ಮಾಂಸ ನಡ್ಯಂಗಿಲ್ಲ. ಪೌಡರ್ ತಗೊಂಡ್ರ ಕಿಡ್ನಿ ಹೋಗ್ತಾವ ಅಂತ ಅವ್ವ ಹೆದರಿಸ್ತಾಳ. ಒಂದು ಡಬ್ಬಿಗಿ ಮೂರು ಸಾವಿರ ಅದಾ. ತಗೊಳ್ಳೋದಾ, ಬ್ಯಾಡಾ?

ಉತ್ತರ: ನಿಮಗೆ ಆ ಡಬ್ಬಿ ಬೇಕೇ ಬೇಕು ಅಂತೇನಿಲ್ಲ. ನಿಮ್ಮ ತಾಟಿನಲ್ಲಿ ದಿನಕ್ಕೆ ಎಷ್ಟು ಪ್ರೊಟೀನ್ ಬೀಳುತ್ತಿದೆ ಎಂದು ಒಂದು ವಾರ ಲೆಕ್ಕ ಬರೆದು ನೋಡಿ. ಅಲ್ಲಿಯವರೆಗೆ ಮೂರು ಸಾವಿರ ಜೇಬಿನಲ್ಲೇ ಇರಲಿ. ಲೆಕ್ಕ ಮಾಡಿದ ಮೇಲೂ ಕಡಿಮೆ ಬಿದ್ದು, ಊಟದಿಂದ ತುಂಬಿಸಿಕೊಳ್ಳಲು ಆಗದೇ ಹೋದರೆ ದಿನಕ್ಕೊಂದು ಸ್ಕೂಪ್ ಕುಡಿಯುವುದರಲ್ಲಿ ತಪ್ಪಿಲ್ಲ. ಅವ್ವನ ಭಯದಲ್ಲೂ ಹುರುಳಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಡಬ್ಬಿಯಲ್ಲಿ ಏನಿದೆ ನೋಡೋಣ. ಹೆಚ್ಚಿನವರು ಕುಡಿಯುವುದು ‘ವೇ’ ಪ್ರೊಟೀನ್. ಚೀಸ್ ಮಾಡುವಾಗ ಹಾಲು ಒಡೆದು ಗಟ್ಟಿ ಭಾಗ ಒಂದು ಕಡೆ ಆಗುತ್ತದೆ, ತಿಳಿನೀರು ಇನ್ನೊಂದು ಕಡೆ. ಆ ತಿಳಿನೀರನ್ನು ಸೋಸಿ, ಒಣಗಿಸಿ ಪುಡಿ ಮಾಡಿದ್ದೇ ವೇ. ಹಾಲಿನದೇ ಭಾಗ ಅದು, ಔಷಧವೂ ಅಲ್ಲ, ವಿಷವೂ ಅಲ್ಲ. ಸುಮಾರು 30 ಗ್ರಾಮಿನ ಒಂದು ಸ್ಕೂಪಿನಲ್ಲಿ 22ರಿಂದ 25 ಗ್ರಾಂ ಪ್ರೊಟೀನ್ ಇರುತ್ತದೆ. ಬೇಗ ಜೀರ್ಣವಾಗುತ್ತದೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೊ ಆಮ್ಲ (ಪ್ರೊಟೀನ್ ಕಟ್ಟುವ ಸಣ್ಣ ಘಟಕ) ಅದರಲ್ಲಿ ಚೆನ್ನಾಗಿದೆ. ಈ ಎರಡು ಗುಣ ನಿಜ. ಮೊಟ್ಟೆ, ಮಾಂಸ ತಿನ್ನದವರಿಗೆ ಸಸ್ಯಾಹಾರದಲ್ಲೇ ಸಿಗುವ ಒಳ್ಳೆಯ ಪ್ರೊಟೀನ್ ಎಂಬುದೂ ನಿಜ.

ಹಾಗಾದರೆ ಅದರಿಂದ ಎಷ್ಟು ಲಾಭ? 2018ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಪತ್ರಿಕೆಯಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಭಾರ ಎತ್ತುವ ತಾಲೀಮು ಮಾಡಿದ 1,863 ಜನರ ಲೆಕ್ಕ ಅದರಲ್ಲಿದೆ. ತಾಲೀಮೊಂದರಿಂದಲೇ ಒಮ್ಮೆಗೆ ಎತ್ತಬಲ್ಲ ಭಾರ ಸರಾಸರಿ 27 ಕಿಲೋದಷ್ಟು ಹೆಚ್ಚಿತ್ತು. ಪ್ರೊಟೀನ್ ಹೆಚ್ಚಿಗೆ ತಗೊಂಡವರಿಗೆ ಅದರ ಮೇಲೆ ಇನ್ನೂ ಎರಡೂವರೆ ಕಿಲೋ ಸೇರಿತು. ಕೊಬ್ಬು ಬಿಟ್ಟು ಉಳಿದ ಮೈತೂಕ ತಾಲೀಮಿನಿಂದ 1.1 ಕಿಲೋ ಏರಿದರೆ, ಹೆಚ್ಚಿನ ಪ್ರೊಟೀನಿನಿಂದ ಬಂದದ್ದು 0.3 ಕಿಲೋ. ಅಂದರೆ ಉಪಯೋಗ ಇದೆ, ಸಣ್ಣದು. ‘ಪೌಡರ್ ಇಲ್ದ ಬಾಡಿ ಬರಂಗಿಲ್ಲ’ ಎಂಬ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಬಾಡಿ ಬರುವುದು ತಾಲೀಮಿನಿಂದ, ನಿದ್ದೆಯಿಂದ, ಹೊಟ್ಟೆ ತುಂಬ ಊಟದಿಂದ. ಇವು ಸರಿ ಇಲ್ಲದವನು ಪೌಡರ್ ಕುಡಿಯುವುದು ಹಸಿ ಇಲ್ಲದ ಹೊಲಕ್ಕೆ ಗೊಬ್ಬರ ಚೆಲ್ಲಿದ ಹಾಗೆ.

ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ದಿನಕ್ಕೆ ಒಂದು ಕಿಲೋ ಮೈತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಪ್ರೊಟೀನ್ ಎಷ್ಟು ಸುರಿದರೂ ಸ್ನಾಯು ಹೆಚ್ಚು ಬೆಳೆಯಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ, ಮೈ ಬೆಳೆಸಲೆಂದು ಪೌಡರ್ ಬಳಸುವುದನ್ನು ಬಿಡಿ ಎಂದೂ ಸಲಹೆ ಕೊಡುತ್ತದೆ. ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲಾರೆ. ಆದರೆ ಎಲ್ಲರೂ ತಗೊಳ್ಳಬೇಕು ಎಂಬ ಈಗಿನ ಗದ್ದಲಕ್ಕಿಂತ ಆ ಸಲಹೆಯೇ ಸತ್ಯಕ್ಕೆ ಹತ್ತಿರ.

ಬೇಕಾದದ್ದು ಎಷ್ಟು? ದೊಡ್ಡ ವ್ಯಾಯಾಮ ಇಲ್ಲದ ಆರೋಗ್ಯವಂತರಿಗೆ ನಮ್ಮ ದೇಶದ ಶಿಫಾರಸು ಕಿಲೋ ಮೈತೂಕಕ್ಕೆ 0.83 ಗ್ರಾಂ. ನಿಮ್ಮ 60 ಕಿಲೋಗೆ ದಿನಕ್ಕೆ 50 ಗ್ರಾಂ ಆಯಿತು. ನೀವು ಭಾರ ಎತ್ತುತ್ತೀರಿ, ಆದ್ದರಿಂದ 1.2ರಿಂದ 1.6 ಗ್ರಾಂ ಹಿಡಿಯೋಣ: 72ರಿಂದ 96 ಗ್ರಾಂ.

ಮುಂಜಾನೆ ಅಪ್ಪನ ಕೆರೆ ಸುತ್ತ ಅರ್ಧ ತಾಸು ನಡೆಯುವವರಿಗೆ ಈ ಮೇಲಿನ ಲೆಕ್ಕ ಬೇಡ. ಅಷ್ಟು ನಡಿಗೆಗೆ ಖರ್ಚಾಗುವುದು ಹೆಚ್ಚುಕಡಿಮೆ 100ರಿಂದ 120 ಕ್ಯಾಲೊರಿ. ಒಂದು ಸ್ಕೂಪಿನಲ್ಲಿ ಇರುವುದೂ ಅಷ್ಟೇ. ಅದನ್ನು ಹಾಲಿಗೆ ಹಾಕಿ ಕುಡಿದರೆ ನಡೆದು ಕರಗಿಸಿದ್ದಕ್ಕಿಂತ ಹೆಚ್ಚು ಒಳಗೆ ಹೋಯಿತು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪೊಲೀಸ್ ಭರ್ತಿಗೆಂದು 1,600 ಮೀಟರ್ ಓಟ ತಾಲೀಮು ಮಾಡುವ ಹುಡುಗರಿಗೂ ಮೊದಲು ಬೇಕಾಗಿರುವುದು ರೊಟ್ಟಿ, ಅನ್ನ, ಬಾಳೆಹಣ್ಣು, ನೀರು. ಓಟದ ಇಂಧನ ಪಿಷ್ಟ. ರಾತ್ರಿ ಅರೆಹೊಟ್ಟೆ ಮಲಗಿ, ಮುಂಜಾನೆ ಓಡಿ, ಉಳಿಸಿದ ದುಡ್ಡಿನಲ್ಲಿ ಪೌಡರ್ ಕೊಳ್ಳುವ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ. ಆ ದುಡ್ಡಿಗೆ ತಿಂಗಳಿಡೀ ಹಾಲು, ಶೇಂಗಾ, ಬೆಲ್ಲ ಬರುತ್ತದೆ.

ಈಗ ನಿಮ್ಮ ತಾಟಿಗೆ ಬರೋಣ. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಹಿಡಿಯಿರಿ. ಜೋಳದಲ್ಲಿ ನೂರು ಗ್ರಾಮಿಗೆ 10 ಗ್ರಾಂ ಪ್ರೊಟೀನ್. ಎರಡು ಊಟದಿಂದ ಆರು ರೊಟ್ಟಿ ಆದರೆ 30 ಗ್ರಾಂ. ತೊಗರಿ ಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 22; ಊಟಕ್ಕೆ 40 ಗ್ರಾಂ ಒಣ ಬೇಳೆಯಂತೆ ಎರಡು ಹೊತ್ತು ಗಟ್ಟಿ ಬ್ಯಾಳಿ ಉಂಡರೆ 17. ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ಚಮಚೆಗೆ 4ರಿಂದ 5. ಒಂದು ಬಟ್ಟಲು ಮೊಸರು 5, ಒಂದು ಗ್ಲಾಸ್ ಹಾಲು 6. ಕೂಡಿಸಿದರೆ 62, 63 ಗ್ರಾಂ. ಮೊಟ್ಟೆ ಇಲ್ಲ, ಪನೀರ್ ಇಲ್ಲ, ಬರೀ ನಮ್ಮ ಮನೆಯ ಊಟ.

ಆದರೆ ಈ ಲೆಕ್ಕದಲ್ಲಿ ಎರಡು ತೂತು ಇವೆ. ಮೊದಲನೆಯದು ಬ್ಯಾಳಿ. ಹೆಚ್ಚಿನ ಮನೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಹಾಸ್ಟೆಲ್ ಮತ್ತು ಮೆಸ್ಸುಗಳಲ್ಲಿ ಬೇಳೆ ನೀರಾಗಿಬಿಟ್ಟಿರುತ್ತದೆ. ನಾಲ್ಕು ಸೌಟು ಸಾರು ಉಂಡರೂ ಒಳಗೆ ಹೋದ ಬೇಳೆ ಒಂದು ಹಿಡಿ ಇರುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ತೊಗರಿ ನಮ್ಮದು. ಅಂಥ ಜಿಲ್ಲೆಯಲ್ಲಿ ಓದಲು ಬಂದ ಹುಡುಗ ಬೇಳೆಯ ತಿಳಿ ಉಂಡು, ಹೊರಗೆ ಹೋಗಿ ಪ್ರೊಟೀನ್ ಡಬ್ಬಿ ಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಎರಡನೆಯದು ಜೋಳ. ಅದರ ಪ್ರೊಟೀನ್ ಪೂರ್ತಿ ಮೈಗೆ ಹತ್ತುವುದಿಲ್ಲ. ಬೆಂದ ಮೇಲೆ ಜೀರ್ಣಕ್ಕೆ ಇನ್ನಷ್ಟು ಬಿಗಿಯಾಗುತ್ತದೆ. ಲೈಸಿನ್ ಎಂಬ ಅಮೈನೊ ಆಮ್ಲವೂ ಅದರಲ್ಲಿ ಕಡಿಮೆ. ತೊಗರಿಯಲ್ಲಿ ಲೈಸಿನ್ ಧಾರಾಳವಾಗಿದೆ, ಮೆಥಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ-ಬ್ಯಾಳಿ, ರೊಟ್ಟಿ-ಝುಣಕಾ, ಎಳ್ಳ ಅಮಾಸಿಗೆ ಸಜ್ಜಿ ರೊಟ್ಟಿಯ ಜೊತೆ ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಮಾಡುವ ಭಜ್ಜಿ: ಇವೆಲ್ಲ ಪೋಷಣೆಯ ಕಣ್ಣಿನಿಂದ ನೋಡಿದರೂ ಸೊಗಸಾದ ಜೋಡಿಗಳು. ಹಾಗಿದ್ದರೂ ಕಾಗದದ ಮೇಲಿನ 63ನ್ನು ಪೂರ್ತಿ 63 ಎಂದು ನಂಬದೆ, ಬೇಕಾದದ್ದಕ್ಕಿಂತ ಹತ್ತು ಗ್ರಾಂ ಮೇಲಕ್ಕೇ ಗುರಿ ಇಡಿ.

ಅಲ್ಲಿಗೆ ಮುಟ್ಟುವುದು ಕಷ್ಟವಲ್ಲ. 50 ಗ್ರಾಂ ಪುಟಾಣಿ (ಹುರಿಗಡಲೆ) ಸಂಜೆ ಜೇಬಿನಲ್ಲಿಟ್ಟುಕೊಂಡರೆ 10 ಗ್ರಾಂ ಬಂತು. ಹೆಸರು ಕಾಳೋ ಮಡಕಿ ಕಾಳೋ ಮೊಳಕೆ ಬರಿಸಿ ಉಸುಳಿ ಮಾಡಿದರೆ ಬಟ್ಟಲಿಗೆ 8ರಿಂದ 10. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಸೋಯಾ ಚಂಕ್ಸಿನಲ್ಲಿ ನೂರು ಗ್ರಾಮಿಗೆ ಸುಮಾರು 50 ಗ್ರಾಂ ಪ್ರೊಟೀನ್. ಒಣಗಿದ್ದು 30 ಗ್ರಾಂ ತಗೊಂಡು ಪಲ್ಯ ಮಾಡಿದರೆ 15. ಪಕ್ಕದ ಬೀದರ್ ಜಿಲ್ಲೆ ರಾಜ್ಯಕ್ಕೆಲ್ಲ ಹೆಚ್ಚು ಸೋಯಾ ಬೆಳೆಯುತ್ತದೆ, ನಮ್ಮ ಅಡುಗೆಮನೆಗೆ ಮಾತ್ರ ಅದು ಇನ್ನೂ ಸರಿಯಾಗಿ ಬಂದಿಲ್ಲ. ಪ್ರೊಟೀನ್ ಗುಣದಲ್ಲಿ ಹಾಲಿಗೆ ಹತ್ತಿರ ನಿಲ್ಲುವ ಕಾಳು ಅದು.

ನಮ್ಮ ಮುಂಜಾನೆಯ ನಾಷ್ಟಾ ಕೂಡ ಬಡವಾದದ್ದು. ಸೂಸಲಾ, ಉಪ್ಪಿಟ್ಟು, ಚಹಾ-ಟೋಸ್ಟ್, ಇವುಗಳಲ್ಲಿ ಪ್ರೊಟೀನ್ ಹುಡುಕಬೇಕು. ಸೂಸಲಾಕ್ಕೆ ಪುಟಾಣಿ ಪುಡಿ, ಶೇಂಗಾ ಕೈಬಿಚ್ಚಿ ಹಾಕಿಸಿಕೊಳ್ಳಿ, ಜೊತೆಗೆ ಗಟ್ಟಿ ಮೊಸರು ಇರಲಿ. ಇಡೀ ದಿನದ್ದನ್ನು ರಾತ್ರಿ ಒಂದೇ ಊಟಕ್ಕೆ ತುರುಕುವ ಬದಲು ಹೊತ್ತಿಗೆ 20 ಗ್ರಾಂ ಮೇಲೆ ಬೀಳುವಂತೆ ಹಂಚಿಕೊಂಡರೆ ಒಳ್ಳೆಯದು. ಜಿಮ್ಮಿನಿಂದ ಇಳಿದ ಅರ್ಧ ತಾಸಿನೊಳಗೆ ಕುಡಿಯಲೇಬೇಕು ಎಂಬ ಅವಸರಕ್ಕೆ ಆಧಾರವಿಲ್ಲ. ಭಾರ ಎತ್ತಿದ ಮೇಲೆ ಒಂದು ದಿನದ ತನಕ ಸ್ನಾಯು ಪ್ರೊಟೀನನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಮನೆಗೆ ಹೋಗಿ ನಿಧಾನವಾಗಿ ಉಣ್ಣಿರಿ.

ದುಡ್ಡಿನ ಲೆಕ್ಕ ನೋಡಿ. ಬೇಳೆ ಕಿಲೋಗೆ 150 ರೂಪಾಯಿ ಅಂತ ಹಿಡಿದರೆ ಒಂದು ಗ್ರಾಂ ಪ್ರೊಟೀನಿಗೆ 70 ಪೈಸೆ ಬೀಳುತ್ತದೆ. ಮೂರು ಸಾವಿರದ ಡಬ್ಬಿ ಒಂದು ಕಿಲೋದ್ದು ಅಂದರೂ, ಅದರಲ್ಲಿ 750 ಗ್ರಾಂ ಪ್ರೊಟೀನ್ ಇದ್ದರೆ ಗ್ರಾಮಿಗೆ 4 ರೂಪಾಯಿ. ಪೌಡರಿನ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದು ಸ್ಕೂಪಿನ 24 ಗ್ರಾಂ ಬೇಳೆಯಿಂದಲೇ ಬರಬೇಕಾದರೆ 110 ಗ್ರಾಂ ಬೇಳೆ ಬೇಯಿಸಿ ಉಣ್ಣಬೇಕು. ಹೊಟ್ಟೆ ಭಾರ, ವಾಯು, ಮೇಲೆ 350ಕ್ಕೂ ಹೆಚ್ಚು ಕ್ಯಾಲೊರಿ. ತೂಕ ಇಳಿಸುತ್ತ ಸ್ನಾಯು ಉಳಿಸಿಕೊಳ್ಳಬೇಕಾದವರಿಗೆ, ಅಡುಗೆ ಕೈಯಲ್ಲಿ ಇಲ್ಲದ ಹಾಸ್ಟೆಲಿನವರಿಗೆ, ಹಾಲು-ಮೊಸರೂ ಸಾಕಷ್ಟು ಸಿಗದ ಸಸ್ಯಾಹಾರಿಗಳಿಗೆ ಪೌಡರ್ ನಿಜವಾದ ಅನುಕೂಲ.

ಇನ್ನೊಂದು ಗುಂಪಿನ ಬಗ್ಗೆ ಜಿಮ್ಮಿನಲ್ಲಿ ಯಾರೂ ಮಾತಾಡುವುದಿಲ್ಲ: ವಯಸ್ಸಾದವರು. 65 ದಾಟಿದ ಮೇಲೆ ಉಂಡ ಪ್ರೊಟೀನಿಗೆ ಸ್ನಾಯು ಮೊದಲಿನಂತೆ ಸ್ಪಂದಿಸುವುದಿಲ್ಲ. ಕಿಲೋ ಮೈತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಎಂದು ತಜ್ಞರು ಹೇಳುತ್ತಾರೆ. ಹಲ್ಲು ಹೋಗಿ ರೊಟ್ಟಿ ಬಿಟ್ಟು, ಬರೀ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಮೇಲೆ ದಿನ ಕಳೆಯುವ ಅಜ್ಜ-ಅಮ್ಮಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ಬಟ್ಟಲಿಗೆ ಬೀಳುವುದು ಬ್ಯಾಳಿಯ ತಳದ ನೀರು. 27 ವರ್ಷದ ನಿಮಗಿಂತ ಇವರಿಗೆ ಪ್ರೊಟೀನಿನ ತುರ್ತು ಹೆಚ್ಚು. ಗಟ್ಟಿ ಬ್ಯಾಳಿ, ಮೆತ್ತಗೆ ಬೆಂದ ಹೆಸರು ಬೇಳೆ, ಮೊಸರು ಮೊದಲು ಅವರ ತಾಟಿಗೆ ಹೋಗಲಿ.

ಕಿಡ್ನಿಯ ವಿಚಾರ. ಆರೋಗ್ಯವಾಗಿರುವ ಕಿಡ್ನಿಯನ್ನು ದಿನಕ್ಕೊಂದು ಸ್ಕೂಪ್ ಹಾಳು ಮಾಡುತ್ತದೆ ಎನ್ನಲು ಪುರಾವೆ ಇಲ್ಲ. ಹೆಚ್ಚಾದ ಪ್ರೊಟೀನ್ ಒಡೆದಾಗ ಯೂರಿಯಾ ಆಗುತ್ತದೆ, ಅದನ್ನು ಹೊರಹಾಕುವುದು ಕಿಡ್ನಿಯ ದಿನನಿತ್ಯದ ಕೆಲಸ. ಆದರೆ ಕಿಡ್ನಿ ಆಗಲೇ ಸೋತಿದ್ದರೆ ಈ ಹೊರೆ ತಡೆಯುವುದಿಲ್ಲ. ಅದು ಸೋತಿದೆ ಎಂದು ಬಹಳ ದಿನ ಗೊತ್ತೂ ಆಗುವುದಿಲ್ಲ. ಅವ್ವನ ಭಯಕ್ಕೆ ಜಾಗ ಇರುವುದು ಇಲ್ಲಿ. ನಿಮಗಾಗಲಿ ಮನೆಯಲ್ಲಿ ಯಾರಿಗಾದರೂ ಆಗಲಿ ಶುಗರ್, ಬಿಪಿ, ಕಲ್ಲಿನ ತೊಂದರೆ ಇದ್ದರೆ ಮೊದಲು ಕ್ರಿಯೇಟಿನಿನ್ ರಕ್ತ ಪರೀಕ್ಷೆ ಮತ್ತು ಮೂತ್ರ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಏಪ್ರಿಲ್-ಮೇ ತಿಂಗಳ ನಮ್ಮ 40 ದಾಟುವ ಬಿಸಿಲಿನಲ್ಲಿ ನೀರು, ಮಜ್ಜಿಗೆ ಕಡಿಮೆ ಆಗದಂತೆ ನೋಡಿಕೊಳ್ಳಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ವೇ ಕಾನ್ಸಂಟ್ರೇಟ್ ಎಂಬ ಸಾಮಾನ್ಯ ಬಗೆ ಕುಡಿದರೂ ಹಾಗೇ ಆಗಬಹುದು. ಇನ್ನೂ ಹೆಚ್ಚು ಸೋಸಿದ ಐಸೊಲೇಟ್ ಎಂಬ ಬಗೆಯಲ್ಲಿ ಹೊಟ್ಟೆ ಉಬ್ಬಿಸುವ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಹಳ ಕಡಿಮೆ.

ನನ್ನ ನಿಜವಾದ ಭಯ ಪ್ರೊಟೀನಿನದ್ದಲ್ಲ, ಡಬ್ಬಿಯದ್ದು. ಕೇರಳದ ವೈದ್ಯರು ಮುಂದಾಗಿ ನಡೆಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೊಟೀನ್ ಪೌಡರುಗಳನ್ನು ಪರೀಕ್ಷಿಸಿತು. 25ರಲ್ಲಿ ಲೇಬಲ್ ಹೇಳಿದ ಪ್ರೊಟೀನಿಗೂ ಒಳಗಿದ್ದದ್ದಕ್ಕೂ ತಾಳೆ ಆಗಲಿಲ್ಲ. ಸುಮಾರು ಶೇ 14ರಷ್ಟರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ, ಶೇ 8ರಷ್ಟರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಮೋಸ ಸುಲಭವಾಗಿರುವುದಕ್ಕೂ ಕಾರಣವಿದೆ. ಪ್ರೊಟೀನ್ ಅಳೆಯುವ ರೂಢಿಯ ವಿಧಾನ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ವಸ್ತು ಬೆರೆಸಿದರೂ ಸಾರಜನಕ ಏರುತ್ತದೆ, ಲೇಬಲ್ ಮೇಲಿನ ಅಂಕಿಯೂ ಏರುತ್ತದೆ, ನಿಮ್ಮ ಸ್ನಾಯುವಿಗೆ ಏನೂ ಬರುವುದಿಲ್ಲ.

ಆದ್ದರಿಂದ ಕೊಳ್ಳಲೇಬೇಕಾದರೆ ಸಣ್ಣ ಪ್ಯಾಕೆಟ್ಟಿನಿಂದ ಶುರು ಮಾಡಿ. ಪದಾರ್ಥಗಳ ಪಟ್ಟಿ ಚಿಕ್ಕದಿರಲಿ. ಗ್ಲೈಸಿನ್, ಟಾರಿನ್‌ನಂಥ ಅಮೈನೊ ಆಮ್ಲಗಳನ್ನು ಬಿಡಿಯಾಗಿ ಬೆರೆಸಿದ್ದು ಕಂಡರೆ ಕೆಳಗಿಡಿ. ‘ಮಾಸ್ ಗೇನರ್’ ಎಂಬ ದೊಡ್ಡ ಡಬ್ಬಿಗಳ ಹೆಚ್ಚಿನ ಭಾಗ ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ, ಸಕ್ಕರೆ. ಅದರ ಬದಲು ಶೇಂಗಾ ಹೋಳಿಗೆ ತಿನ್ನಿರಿ ಎಂದೇ ಹೇಳುತ್ತೇನೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು, ಅದು ಖರೆಯೋ ಅಲ್ಲವೋ ಎಂದು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು. ಲೇಬಲ್ ಇಲ್ಲದೆ ಕವರಿನಲ್ಲಿ ತೂಗಿ ಕೊಡುವ ಬಿಡಿ ಪೌಡರ್, ಬಿಲ್ ಕೊಡದೆ ಕೈಗಿಡುವ ಡಬ್ಬಿ, ಇವೆರಡನ್ನೂ ಯಾರು ಕೊಟ್ಟರೂ ತಗೊಳ್ಳಬೇಡಿ, ಕೊಡುವವರು ನಿಮ್ಮ ಟ್ರೇನರೇ ಆಗಿದ್ದರೂ.