ಕಪ್ಪು-ಬಿಳುಪಿನಲ್ಲಿ ಕಾಣೆಯಾಗುವ ಸೂರ್ಯ

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ (ಸೂರ್ಯೋದಯ) ಚಿತ್ರವನ್ನು ಫೋನಿನಲ್ಲಿ ತೆರೆದು, ಬಣ್ಣವೆಲ್ಲ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ದೋಣಿ ಇರುತ್ತದೆ, ನೀರು ಇರುತ್ತದೆ. ಸೂರ್ಯನೇ ಹೆಚ್ಚುಕಡಿಮೆ ಮಾಯ!

ಮೋನೆಗೆ ಕಣ್ಣಿನ ಪೊರೆ ಇತ್ತು, ಅದಕ್ಕೇ ಎಲ್ಲ ಮಸುಕು ಅನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಚಿತ್ರದ ಮೂಲೆಯಲ್ಲಿ ಸಹಿಯ ಪಕ್ಕ ‘72’ ಎಂದಿದೆ, ಅಂದರೆ 1872. ಪೊರೆ ಇದೆ ಎಂದು ವೈದ್ಯರು ಹೇಳಿದ್ದು 1912ರಲ್ಲಿ, ಆಪರೇಷನ್ ಆಗಿದ್ದು 1923ರಲ್ಲಿ. ನಲವತ್ತು ವರ್ಷ ಮೊದಲೇ ಪೊರೆ ಕೆಲಸ ಮಾಡುತ್ತದೆಯೇ? ಅಮೆರಿಕದ ಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಅಂತೂ ಸೂರ್ಯ ಇರುವ ಜಾಗ, ಚಿತ್ರದಲ್ಲಿರುವ ಫ್ರಾನ್ಸಿನ ಲ ಹಾವ್ರ ಬಂದರಿನ ಉಬ್ಬರದ ಮಟ್ಟ, ಅಂದಿನ ಹವಾಮಾನದ ದಾಖಲೆ ಎಲ್ಲ ಸೇರಿಸಿ ಲೆಕ್ಕ ಹಾಕಿದರು. 1872ರ ನವೆಂಬರ್ 13ರ ಬೆಳಗ್ಗೆ, ಸುಮಾರು 7:35 ಇರಬೇಕು ಎಂದರು. ಚಿತ್ರದಲ್ಲಿರುವುದು ಬಂದರಿನ ನಿಜವಾದ ಮಂಜು.

ಸರಿ, ಸೂರ್ಯ ಎಲ್ಲಿ ಹೋದ? ಮೋನೆ ಅವನಿಗೆ ಕಿತ್ತಳೆ ಬಣ್ಣ ಕೊಟ್ಟರು. ಹೊಳಪು ಮಾತ್ರ ಸುತ್ತಲಿನ ಬೂದು ಮೋಡದಷ್ಟೇ ಇಟ್ಟರು. ಇದರಿಂದ ಏನಾಗುತ್ತದೆ ಎಂದು ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಬಿಡಿಸಿ ಹೇಳಿದ್ದಾರೆ. ನಾವು ನೋಡಿದ್ದು ಮಿದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ‘ಏನಿದೆ’ ಎಂದು ಗುರುತಿಸುತ್ತದೆ, ಅದಕ್ಕೆ ಬಣ್ಣ ಗೊತ್ತು. ಇನ್ನೊಂದು ‘ಎಲ್ಲಿದೆ, ಅಲುಗಾಡುತ್ತಿದೆಯಾ’ ಎಂದು ನೋಡುತ್ತದೆ. ಇದು ವಿಕಾಸದಲ್ಲಿ ಹಳೆಯದು, ಬಣ್ಣ ತಿಳಿಯದು, ಹೊಳಪಿನ ಏರುಪೇರು ಮಾತ್ರ ತಿಳಿಯುತ್ತದೆ.

ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ಅಂದುಕೊಳ್ಳಿ. ಒಬ್ಬ ‘ಸೂರ್ಯ ಬಂದಿದ್ದಾನೆ’ ಎನ್ನುತ್ತಾನೆ. ಇನ್ನೊಬ್ಬ ‘ಯಾರೂ ಇಲ್ಲವಲ್ಲ’ ಎನ್ನುತ್ತಾನೆ. ಅಥವಾ ಹೆಸರು ಬರೆದು ವಿಳಾಸ ಬರೆಯದ ಕಾಗದ ಅನ್ನಿ. ಯಾರಿಗೆ ಎಂದು ಗೊತ್ತು, ಎಲ್ಲಿಗೆ ಎಂದು ಗೊತ್ತಿಲ್ಲ. ಮೊಳೆ ಹೊಡೆಯದೆ ಗೋಡೆಗೆ ಸುಮ್ನೆ ಆನಿಸಿಟ್ಟ ಗಡಿಯಾರದ ಹಾಗೆ, ಸೂರ್ಯನಿಗೆ ಒಂದು ಖಚಿತ ಜಾಗ ಸಿಗುವುದಿಲ್ಲ. ಅದಕ್ಕೇ ಅವನು ಅಲ್ಲೇ ಮಿಡಿಯುತ್ತಿರುವಂತೆ ಕಾಣುತ್ತಾನೆ.

1874ರಲ್ಲಿ ಪ್ಯಾರಿಸ್‌ನಲ್ಲಿ ಈ ಚಿತ್ರವನ್ನು ನೋಡಿದ ವಿಮರ್ಶಕ ಲೂಯಿ ಲೆರುವಾ, ಗೋಡೆಗೆ ಅಂಟಿಸುವ ಕಾಗದವೇ ಇದಕ್ಕಿಂತ ವಾಸಿ ಎಂದು ಹಂಗಿಸಿದ.

ಈಗ ಬಣ್ಣದ ಚಿತ್ರಕ್ಕೇ ವಾಪಸು ಬನ್ನಿ. ಮೊದಲು ಮುಂದಿರುವ ಕಡುಬಣ್ಣದ ದೋಣಿ ನೋಡಿ. ಅದಕ್ಕೂ ನೀರಿಗೂ ಹೊಳಪಿನ ಅಂತರ ಜಾಸ್ತಿ, ಹಾಗಾಗಿ ಅದು ನಿಂತಲ್ಲೇ ನಿಂತಿರುತ್ತದೆ. ಆಮೇಲೆ ನಿಧಾನಕ್ಕೆ ಕಣ್ಣನ್ನು ಸೂರ್ಯನ ಕಡೆ ಎತ್ತಿ.